ಹಳೇ ಇಫ್ತಾರ್, ಹೊಸ ಇಫ್ತಾರ್

ತಮ್ಮ ಮೊಹ್ಸಿನ್ ತೀರಿಕೊಂಡ ಮೇಲೆ ನನಗೆ ಅಳು ಬಂದಿರಲಿಲ್ಲ. ಯಾಕೆ ಬಂದಿಲ್ಲ ಅಂತ ಕೇಳುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು.

ಶಿವಾಜಿನಗರದಲ್ಲಿ ಅಬ್ಬಾನ ಚಹಾ ಅಂಗಡಿ. ಅಲ್ಲಿನ ಟಿವಿಗೆ ಮೊಹ್ಸಿನ್ ಒಂದು ಲಿನಕ್ಸ್ ಕಂಪ್ಯೂಟರ್ ಜೋಡಿಸಿ, ರಂಜಾನಿನ ರೋಜಾ, ಅಂದರೆ ಉಪವಾಸ, ಬಿಡುವ ಸಮಯ ತೋರಿಸುವ ಪ್ರೋಗ್ರಾಂ ಬರೆದಿಟ್ಟಿದ್ದ. ಹೆಸರು ಇಫ್ತಾರ್. ಈ ವರ್ಷದಿಂದ ಮಸೀದಿಯವರು ಎಚ್ಚರಿಕೆಗೆಂದು ಇನ್ನೂ ಕೆಲವು ನಿಮಿಷ ಕಾದು ಸೈರನ್ ಕೊಡುತ್ತಾರೆ. ಸತ್ತವನಿಗೆ ಅದು ಗೊತ್ತಾಗುವುದಾದರೂ ಹೇಗೆ?

ನಿನ್ನೆ ಮೊದಲ ರೋಜಾ. ಟಿವಿ ನೋಡಿ ಖರ್ಜೂರ ಬಾಯಿಗಿಟ್ಟ ಖಾಯಂ ಗಿರಾಕಿ ಶೌಕತ್ ಚಾಚಾ, ಸೈರನ್ ಆಮೇಲೆ ಕೂಗಿದ್ದು ಕೇಳಿ, ರೋಜಾ ಕೆಟ್ಟಿತು ಅಂತ ರಂಪ ಮಾಡಿದರು.

“ನಾಳೆನೂ ಹಿಂಗೇ ಆದ್ರೆ ಟಿವಿ ಬಿಚ್ಚಿಡ್ತೀನಿ ಇಕ್ರಾ,” ಅಂದರು ಅಬ್ಬಾ.

ಮೊಹ್ಸಿನ್ ಮಾಡಿದ್ದರಲ್ಲಿ ಇನ್ನೂ ಓಡುತ್ತಿರುವುದು ಅದೊಂದೇ. ಅದು ನಿಲ್ಲಬಾರದು ಅನ್ನಿಸಿತು. ಅನ್ನಿಸಿದ್ದು ಅಷ್ಟೇ.

ಅವನ ಪೆನ್‌ಡ್ರೈವಿನಲ್ಲಿ ಕೋಡ್ ಸಿಕ್ಕಿತು. ಅಂಗಡಿಯಲ್ಲಿ ಕೂತು ನಿಮಿಷ ಸೇರಿಸಿ, ಕಂಪೈಲ್ ಮಾಡಿ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಿ, ಇಫ್ತಾರ್ ಎಂದು ಟೈಪಿಸಿದೆ. ಹಳೇ ಸಮಯವೇ ಬಂತು. ಮತ್ತೆ ಕಂಪೈಲ್, ಮತ್ತೆ ಅದೇ. ಎಮ್ಮೆ ಮೇಲೆ ಮಳೆ ಹೊಯ್ದ ಹಾಗೆ. ಆಫೀಸಿನ ಗೆಳೆಯ ಸುನಿಲ್‌ಗೆ ಫೋನ್ ಮಾಡಿದೆ.

“ಬರೀ ಹೆಸರು ಹೊಡೆದ್ರೆ ಅದು ನಿನ್ ಫೋಲ್ಡರ್ ಕಡೆ ತಿರುಗೂ ನೋಡಲ್ಲ ಮಗಾ. ಸಿಸ್ಟಮ್ಮಲ್ಲಿ ಮೊದ್ಲೇ ಹಾಕಿರೋ ಹಳೇದನ್ನೇ ಓಡಿಸ್ತಿದೆ. ಹೆಸರಿಗೆ ಮೊದ್ಲು ಚುಕ್ಕಿ, ಸ್ಲ್ಯಾಶ್ ಹಾಕು.”

ಹಾಕಿದೆ. ಹೊಸ ಸಮಯ ಬಂತು.

“ಈಗ ಹಳೇದನ್ನ ಎಲ್ಲಾದ್ರೂ ಎತ್ತಿಟ್ಟು, ಇದನ್ನ ಅದರ ಜಾಗಕ್ಕೆ ಕಾಪಿ ಮಾಡು.”

ಎತ್ತಿಡುವುದು ಯಾಕೆ, ಕೋಡ್ ನನ್ನ ಹತ್ತಿರವೇ ಇದೆಯಲ್ಲ? ಹಳೆಯದರ ಮೇಲೇ ಕಾಪಿ ಮಾಡಿದೆ. ಹಳೆಯದನ್ನು ಅಳಿಸಲೇ ಅಂತ ಕಂಪ್ಯೂಟರ್ ಒಂದು ಮಾತೂ ಕೇಳಲಿಲ್ಲ.

ಸಂಜೆ ಟಿವಿಯೂ ಸೈರನ್ನೂ ಸರಿಯಾಗಿ ಕೂಡಿದವು. ಶೌಕತ್ ಚಾಚಾ ಗೊಣಗದೆ ಖರ್ಜೂರ ತಿಂದರು. ಎಲ್ಲರಿಗೂ ಶರಬತ್ತು ಹಂಚಿದ ಅಬ್ಬಾ ಮಾತ್ರ ನೀರಿನ ಲೋಟ ಹಿಡಿದು ಟಿವಿಯನ್ನೇ ನೋಡುತ್ತ ನಿಂತಿದ್ದರು.

“ಏನು ಕಾಯ್ತಿದ್ದೀರಾ?”

“ಎಲ್ರಿಗೂ ಕೊಡ್ತಾ ಕೊಡ್ತಾ ನಾನೇ ಮರೀತೀನಿ ಅಂತ ಹಾಕಿದ್ದ. ‘ಅಬ್ಬಾ, ನೀರು ಕುಡೀರಿ’ ಅಂತ ಕೆಳಗೆ ಬರೋದು. ನಿನ್ನೆನೂ ಬಂದಿತ್ತು.”

ಪೆನ್‌ಡ್ರೈವಿನ ಕೋಡಿನಲ್ಲಿ ಅಂಥ ಸಾಲೇ ಇರಲಿಲ್ಲ. ಮೊಹ್ಸಿನ್ ಆಮೇಲೆ ಯಾವಾಗಲೋ ಸೇರಿಸಿದ್ದಿರಬೇಕು. ಅದು ಇದ್ದದ್ದು ನಾನು ಅಳಿಸಿಹಾಕಿದ್ದರಲ್ಲಿ.

ಅಬ್ಬಾ ಇನ್ನೂ ಕಾಯುತ್ತಿದ್ದರು.

“ಅಬ್ಬಾ, ನೀರು ಕುಡೀರಿ,” ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಅವರು ಕುಡಿದರು.