ಬೈಗುಳಕ್ಕೂ ಕೈಗೂ ನಡುವೆ

ಏಟು ಬೆನ್ನಿಗೆ ಬಿದ್ದಾಗ ಅವಳು ಬಗ್ಗಿ ಇದ್ದಿಲು ಗೋರುತ್ತಿದ್ದಳು. ಮುಖ ಕುಲುಮೆಯ ಅಂಚಿಗೆ ಬಡಿದು ಹುಬ್ಬು ಒಡೆಯಿತು. ತಿರುಗಿ ನೋಡಿದರೆ ಗಂಡ, ಕೈಯಲ್ಲಿ ಇಕ್ಕಳ. ಬಾಯಿ ಆಡುತ್ತಲೇ ಇತ್ತು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದನೋ ಏನೋ.

ಮದುವೆಯಾಗಿ ಬಂದಂದಿನಿಂದ ಈ ಕುಲುಮೆಯಲ್ಲಿ ಸಮ್ಮಟಿಗೆ ಎತ್ತುವವಳು ಅವಳೇ. ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲಿಟ್ಟು ಅವನು ಚಿಕ್ಕ ಸುತ್ತಿಗೆಯಿಂದ ಜಾಗ ತೋರಿಸುತ್ತಾನೆ, ಅವಳು ಅಲ್ಲಿಗೇ ಬಾರಿಸುತ್ತಾಳೆ. ಅದಕ್ಕೆ ಕಣ್ಣು ಸಾಕು. ಹಾಗಾಗಿ ಆ ಸದ್ದು ಒಳಗೊಳಗೇ ಕಿವಿಯನ್ನು ತಿಂದು ಹಾಕುತ್ತಿರುವುದು ಬಹಳ ದಿನ ಗೊತ್ತೇ ಆಗಲಿಲ್ಲ.

ಪಕ್ಕದ ಮನೆಯ ದರ್ಜಿಯಾಕೆ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದು, ಅವಳ ಕಿವಿಗೆ ಬಾಯಿಟ್ಟು ಕೂಗಿದಳು: "ನಿನ್ನ ಪುಣ್ಯ ಕಣೇ, ಆ ಹೊಲಸು ಬಾಯಿ ನಿಂಗೆ ಕೇಳಿಸಲ್ಲ. ನಂಗೆ ಗೋಡೆ ಆಚೆ ಇದ್ರೂ ತಪ್ಪಿದ್ದಲ್ಲ!"

"ಬೈಗುಳ ಮೈಗೆ ತಾಗುತ್ತೇನೇ?" ಎಂದಳು ಅವಳು. "ಮುಂಚೆ ಬೈಗುಳ ಮೊದಲು ಬರ್ತಿತ್ತು, ಕೈ ಆಮೇಲೆ. ಅಷ್ಟರಲ್ಲಿ ನಾನು ಮುಖ ಮುಚ್ಕೊಳ್ತಿದ್ದೆ, ಇಲ್ಲಾ ನಿನ್ನ ಮನೆಗೆ ಓಡಿಬರ್ತಿದ್ದೆ. ಈಗ ಕೈನೇ ಮೊದಲು ಬರುತ್ತೆ."

ದರ್ಜಿಯಾಕೆ ಬಟ್ಟೆ ಮಡಚಿ ಮತ್ತೆ ಒತ್ತಿದಳು.

ಹಿಂದೆಲ್ಲ ಬಾಗಿಲ ಚಿಲಕ ಹೇಗೆ ಸರಿಯಿತು, ಚಪ್ಪಲಿ ಎಳೆದು ಬಂತೋ ಎತ್ತಿ ಬಂತೋ, ಕೆಮ್ಮು ಒಣಕೆಮ್ಮೋ ಕುಡಿದು ಬಂದ ಕೆಮ್ಮೋ, ಇಷ್ಟರಲ್ಲೇ ಆ ದಿನದ ಹಣೆಬರಹವನ್ನು ಅವಳು ಓದಿಬಿಡುತ್ತಿದ್ದಳು. ಅನ್ನದ ಪಾತ್ರೆ ಇಳಿಸಿ, ಕತ್ತಿಗಳನ್ನು ಎತ್ತಿಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಈಗ ಎಲ್ಲ ದಿಕ್ಕೂ ಬೆನ್ನೇ ಆಗಿತ್ತು. ಉಣ್ಣುವಾಗ, ತಲೆ ಬಾಚುವಾಗ, ಯಾವ ಗಳಿಗೆಯಲ್ಲಿ ಎಲ್ಲಿಂದ ಬೀಳುತ್ತದೋ ಎಂದು ಭುಜ ಸದಾ ಮೇಲೇರಿಯೇ ಇರುತ್ತಿತ್ತು.

ಬೇರೆ ಮನೆಯಲ್ಲಿದ್ದ ಮಗಳು ಬಂದು ಹುಬ್ಬಿನ ಗಾಯ ನೋಡಿ, ಚೀಲ ಹಿಡಿದು ಅವಳನ್ನು ಕಿವಿ ಡಾಕ್ಟರ ಹತ್ತಿರ ಹೊರಡಿಸಿದಳು. ಅವನು ಬಾಗಿಲಲ್ಲಿ ನಿಂತು ನಕ್ಕ. "ಕಿವಿಗೆ ಮೆಷಿನ್ನಾ? ಹಾಕ್ಸು ಹಾಕ್ಸು, ನಿಮ್ಮಮ್ಮ ರೇಡಿಯೋ ಆಗ್ತಾಳೆ. ಕಿವಿ ಹಿಂಡಿದ್ರೆ ಹಾಡ್ತಾಳೆ."

ಡಾಕ್ಟರು ಎಡಗಿವಿಯೊಳಗೆ ದೀಪ ಬಿಟ್ಟು ತುಂಬ ಹೊತ್ತು ನೋಡಿದರು. ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದರು: ಇದು ಸದ್ದಿಗೆ ಹೋದದ್ದಲ್ಲ, ಕಿವಿಯ ತಮಟೆ ಹರಿದಿದೆ. ಯಾರಾದರೂ ಹೊಡೆದಿದ್ದರೇ?

"ಹೂಂ," ಎಂದಳು.

ಬಲಗಿವಿಗೆ ಮೆಷಿನ್ನು ಕೂರುತ್ತದೆ, ಆದರೆ ಸಮ್ಮಟಿಗೆ ಹೊಡೆಯುವಾಗ ತೆಗೆದಿಡಬೇಕು, ಇಲ್ಲದಿದ್ದರೆ ಉಳಿದಿರುವ ಚೂರೂ ಹೋಗುತ್ತದೆ ಎಂದು ಅದರ ಕೆಳಗೇ ಬರೆದರು.

ಅವಳು ಯೋಚಿಸಿದಳು. ಅವನು ಹೆಚ್ಚಾಗಿ ಕೈಯೆತ್ತುವುದೇ ಕುಲುಮೆಯಲ್ಲಿ. ಅಲ್ಲಿ ತೆಗೆದಿಟ್ಟ ಮೇಲೆ ಇದು ಯಾತಕ್ಕೆ?

"ನನ್ ಮನೆಗೆ ಬಂದ್ಬಿಡಮ್ಮ," ಎಂದು ಕಿವಿಗೆ ಬಾಯಿಟ್ಟು ಹೇಳಿದಳು ಮಗಳು.

"ಆ ಕುಲುಮೆ ನಡೀತಿರೋದು ನನ್ ತೋಳಿಂದ. ಬೇಕಾದ್ರೆ ಅವನೇ ಎದ್ದು ಹೋಗ್ಲಿ. ಹಾಕಿ ಸಾರ್, ಕಿವಿ ಹೋದ್ರೆ ಹೋಗುತ್ತೆ."

ಮೆಷಿನ್ನು ಹಾಕಿಕೊಂಡೇ ಸಮ್ಮಟಿಗೆ ಎತ್ತಿದಳು. ಒಂದೊಂದು ಏಟೂ ತಲೆಬುರುಡೆಗೆ ಮೊಳೆ ಹೊಡೆದ ಹಾಗೆ. ಕಣ್ಣಲ್ಲಿ ನೀರು ಇಳಿಯಿತು, ಹಲ್ಲು ಕಚ್ಚಿ ಬಾರಿಸಿದಳು. ಸೆರಗು ಕಿವಿಯ ಮೇಲಿತ್ತು. ಅವನಿಗೆ ಅದು ಕಾಣಲಿಲ್ಲವೋ, ಕಂಡರೂ ಲೆಕ್ಕಕ್ಕಿಡಲಿಲ್ಲವೋ.

ನಾಲ್ಕಾರು ದಿನ ಹಾಗೇ ಕಳೆಯಿತು. ಒಂದು ಸಂಜೆ ಸಮ್ಮಟಿಗೆಯ ಕಾವು, ಮರದ ಹಿಡಿಕೆ, ಸಡಿಲಾಯಿತೆಂದು ಬೆಣೆ ಬಡಿದು ಬಿಗಿ ಮಾಡುತ್ತಿದ್ದಳು. ಹಿಂದೆ ಕಬ್ಬಿಣದ ಕಿಟ್ಟದ ಮೇಲೆ ಚಪ್ಪಲಿ ಎಳೆದದ್ದು ಕೇಳಿಸಿತು. ಆಮೇಲೆ ಉಸಿರು. ಆಮೇಲೆ, "ಏ ಕಿವುಡಿ, ನಿನ್ನ ಚರ್ಮ ಸುಲೀತೀನಿ."

ತಿರುಗಿದಳು. ಸಲಾಕೆ ತಲೆಯ ನೇರಕ್ಕೆ ಬರುತ್ತಿತ್ತು. ಕಾವನ್ನು ಅಡ್ಡ ಹಿಡಿದಳು. ಸಲಾಕೆ ಕಾವಿಗೆ ಬಡಿದು ಅವಳ ಬೆರಳುಗಳ ಚರ್ಮ ಕಿತ್ತುಹೋಯಿತು. ಅವನು ಮತ್ತೆ ಎತ್ತಿದ. ಈ ಸಲ ಅವಳು ಕಾಯಲಿಲ್ಲ. ಅಡಿಗಲ್ಲಿನ ಮೇಲೆ ಜಾಗ ನೋಡಿ ಬಾರಿಸುವ ಹಾಗೆಯೇ ಅವನ ಮುಂಗೈ ನೋಡಿ ಬಾರಿಸಿದಳು. ಎಲುಬು ಮುರಿದ ಸದ್ದು ಹಸಿ ಕೊಂಬೆ ಮುರಿದಂತೆ ಸ್ಪಷ್ಟವಾಗಿ ಕೇಳಿಸಿತು. ಸಲಾಕೆ ಬಿತ್ತು. ಅವನು ನೀರಿನ ತೊಟ್ಟಿಗೆ ಒರಗಿ ಕುಸಿದು, ಜೋತಾಡುವ ಕೈಯನ್ನು ಎದೆಗವಚಿಕೊಂಡು ಅವಳ ಹುಟ್ಟಿದ ಮನೆ, ಹೆತ್ತವಳು, ಯಾರನ್ನೂ ಬಿಡದೆ ಬೈದ. ಅವಳು ಸಮ್ಮಟಿಗೆ ಇಳಿಸದೆ, ಒಂದಕ್ಷರ ಬಿಡದೆ ಕೇಳಿಸಿಕೊಂಡಳು.

ದರ್ಜಿಯಾಕೆ ಓಡಿಬಂದು, ರೂಢಿಯಂತೆ ಅವಳ ಕಿವಿಗೇ ಬಾಯಿ ಹಾಕಿ ಕಿರುಚಿದಳು: "ಏನಾಯ್ತೇ!"

"ಮೆಲ್ಲಗೆ ಮಾತಾಡೇ ಮಾರಾಯ್ತಿ, ತಲೆ ಸಿಡಿಯುತ್ತೆ. ಹೋಗಿ ಒಂದು ಗಾಡಿ ಕರಿ, ಇವನ ಕೈ ಮುರಿದಿದೆ."

"ಯಾರು ಮುರಿದ್ರು ಅಂದ್ರೆ ಏನನ್ಲಿ?"

"ನನ್ನ ಹೆಸರು ಹೇಳು."