ಯಂಕೋಬರಾಯರ ಎದೆಯ ಮಡಿ

ಕಲ್ಲೂರಿನ ಕುಲಕರ್ಣಿ ಯಂಕೋಬರಾಯರ ಮನೆಯಲ್ಲಿ ಮಡಿ ಎಂದರೆ ಹುಡುಗಾಟವಲ್ಲ. ಒಣಹಾಕಿದ ಮಡಿ ಪಂಚೆಯ ಮೇಲೆ ಕಾಗೆಯ ನೆರಳು ಬಿದ್ದರೂ ಅದನ್ನು ಮತ್ತೆ ನೀರಿಗೆ ಹಾಕಿ ಹಿಂಡುವ ಮನೆತನ ಅದು. ಅಂಥ ಮನೆಯ ಯಜಮಾನನಿಗೆ ಎಂಬತ್ತಮೂರನೆಯ ಇಸವಿಯ ಚಳಿಗಾಲದಲ್ಲಿ ಟೈಫಾಯ್ಡು ಬಂತು. ಯಾರ ಮನೆಗೆ ಹೋಗಬೇಕು, ಯಾರ ಮನೆಯ ಹೊಸ್ತಿಲ ಹೊರಗೆ ನಿಲ್ಲಬೇಕು ಎಂಬುದು ಜ್ವರಗಳಿಗೆ ತಿಳಿಯುವುದಿಲ್ಲ, ಅವುಗಳ ದೊಡ್ಡ ದೋಷವೇ ಅದು. ಮನೆಯ ಕಷಾಯವಾಯಿತು, ಮಾನ್ವಿಯ ಡಾಕ್ಟರ ಗುಳಿಗೆಯಾಯಿತು. ಕರುಳು ತೂತಾಗಿ ಹೊಟ್ಟೆ ಕಲ್ಲಾದ ಮೇಲೆ ರಾಯರನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ರಾಯಚೂರಿನ ಒಂದು ನರ್ಸಿಂಗ್ ಹೋಮಿಗೆ ತಂದರು.

ಅಲ್ಲಿನ ಡಾಕ್ಟರು ಜಿಲಾನಿ ಪಾಷಾ. ತಂದೆ ಬಜಾರದಲ್ಲಿ ಅತ್ತರು ಮಾರಿ ಮಗನನ್ನು ಹೈದರಾಬಾದಿನಲ್ಲಿ ಓದಿಸಿದ್ದರು. ಅವರು ಆ ದಿನವೇ ರಾಯರ ಹೊಟ್ಟೆ ಕೊಯ್ದು ಕರುಳು ಹೊಲಿದರು. ಪರಜಾತಿಯವರ ಕೈ ಕರುಳಿನವರೆಗೆ ಹೋಯಿತಲ್ಲ ಎಂದು ಊರಿನಿಂದ ಬಂದ ಯಾರೋ ಗೊಣಗಿದಾಗ ರಾಯರ ಹೆಂಡತಿ ಗೋಪಮ್ಮನೇ ತೀರ್ಪು ಕೊಟ್ಟಳು: "ಡಾಕ್ಟ್ರ ಕೈ ಅಂದ್ರ ಬೆಂಕಿ ಇದ್ದಂಗ. ಬೆಂಕಿಗೆ ಎಲ್ಲಿ ಮೈಲಿಗಿ?" ಇದು ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಶಾಸ್ತ್ರಗಳೂ ಸ್ವಲ್ಪ ಸರಿದು ಕೂತು ಜಾಗ ಕೊಡುತ್ತವೆ.

ಆಪರೇಷನ್ ಆದ ಮೇಲೆ ರಾಯರ ಬಾಯಿಗೆ ತೊಟ್ಟು ನೀರೂ ಹಾಕುವಂತಿರಲಿಲ್ಲ. ಎಲ್ಲ ಸಲಾಯಿನ್‌ನಲ್ಲೇ ಹೋಗಬೇಕು. ಎರಡೂ ಕೈಗಳ ನರಗಳು ಸೂಜಿ ತಿಂದು ತಿಂದು ಗಂಟುಗಟ್ಟಿದ್ದವು. ಕಡೆಗೆ ಡಾಕ್ಟರು ಕೊರಳೆಲುಬಿನ ಕೆಳಗೆ ಚುಚ್ಚಿ, ಅಲ್ಲಿಯ ದೊಡ್ಡ ನರದೊಳಗೆ ಒಂದು ಸಣ್ಣ ಪೈಪು ಇಳಿಸಿ, ಅದರ ತುದಿಯನ್ನು ಹೃದಯದ ಬಾಗಿಲಿಗೆ ತಂದು ನಿಲ್ಲಿಸಿದರು. "ರಾಯರಿಗೆ ಎದಿಗೇ ಸಲಾಯಿನ್ ಹಚ್ಯಾರಂತ" ಎಂಬ ಸುದ್ದಿ ಸಂಜೆಯ ಬಸ್ಸಿಗೇ ಕಲ್ಲೂರು ಮುಟ್ಟಿತು. ಕೈಗೆ ಹಚ್ಚಿಸಿಕೊಂಡವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಎದೆಗೆ ಹಚ್ಚಿಸಿಕೊಂಡವರು ರಾಯರೊಬ್ಬರೇ. ನೋಡಲು ಬಂದವರಿಗೆ ಗೋಪಮ್ಮ ಅದನ್ನು ಮಗಳ ಮದುವೆಯ ಸುದ್ದಿ ಹೇಳುವಂತೆ ಹೇಳಿದಳು. ರಾಯರೂ ನರಳುವುದನ್ನು ಸ್ವಲ್ಪ ಗಂಭೀರ ಮಾಡಿಕೊಂಡರು.

ಡಾಕ್ಟರು ಪೈಪು ಹಾಕಿ ಹೋದರು. ಅದನ್ನು ಕಾಯುವ ಕೆಲಸ ನರ್ಸ್ ಮಾನಮ್ಮನಿಗೆ ಬಂತು. ತರಬೇತಿ ಮುಗಿಸಿ ಬಂದ ಹುಡುಗಿ. ಇಲ್ಲಿಯ ಕೆಲಸ ಖಾಯಂ ಆಗಿರಲಿಲ್ಲ. ದೇವದುರ್ಗದ ಸರಕಾರಿ ಆಸ್ಪತ್ರೆಗೆ ಅರ್ಜಿ ಹಾಕಿದ್ದಳು. ಕೆಲಸ ಚೆನ್ನಾಗಿ ಮಾಡಿದ್ದಾಳೆ ಎಂದು ಜಿಲಾನಿ ಪಾಷಾ ಒಂದು ಸರ್ಟಿಫಿಕೇಟು ಕೊಟ್ಟರೆ ಆಗುವುದಿತ್ತು, ಕೊಡದಿದ್ದರೆ ಇಲ್ಲ.

"ಈ ಪೈಪು ಅಂದ್ರ ಎದಿಗೆ ತೆರೆದ ಬಾಗಲಾ ಇದ್ದಂಗ್ರಿ" ಎಂದು ಮೊದಲ ದಿನವೇ ಆಕೆ ಎಲ್ಲರಿಗೂ ಹೇಳಿದಳು. "ಔಷಧಾನೂ ಹೋಗ್ತದ, ಹೊಲಸೂ ಹೋಗ್ತದ. ಈ ಪಟ್ಟಿ ಯಾರೂ ಮುಟ್ಟಬ್ಯಾಡ್ರಿ. ನೀರು ತಾಗಿಸಬ್ಯಾಡ್ರಿ."

ದಿನ ಬಿಟ್ಟು ದಿನ ಬೆಳಿಗ್ಗೆ ಪಟ್ಟಿ ಬದಲಿಸಲು ಬರುತ್ತಿದ್ದಳು. ಬಂದವಳೇ ಎಲ್ಲರನ್ನೂ ಹೊರಗೆ ಕಳಿಸುವಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈ ಮೇಲೆತ್ತಿ ನೀರು ಮೊಣಕೈಯಿಂದ ಇಳಿಯುವಂತೆ ನಿಲ್ಲುವಳು. ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಮಾತಿಲ್ಲ ಕತೆಯಿಲ್ಲ. ಕುದಿಸಿದ ಚಿಮಟದಲ್ಲೇ ಹತ್ತಿ ಎತ್ತಿ ಅಯೋಡಿನ್ ಅದ್ದಿ, ತೂತಿನ ಸುತ್ತ ಒಳಗಿನಿಂದ ಹೊರಕ್ಕೆ ಒರೆಸುವಳು. ಒರೆಸಿದ ಹತ್ತಿಯನ್ನು ಮತ್ತೆ ಒಳಕ್ಕೆ ತರುವ ಮಾತೇ ಇಲ್ಲ. ಒಂದು ಸಲ ಹೊಸ ಬಟ್ಟೆಯ ತುದಿ ಮಂಚದ ಕಂಬಿಗೆ ತಾಗಿತೆಂದು ಅದನ್ನು ಎಸೆದು ಬೇರೆ ತೆಗೆದಳು. ಬಾಟ್ಲಿ ಬದಲಿಸುವಾಗ ಗಾಳಿ ಹೋಗಬಾರದೆಂದು ಮೊದಲು ಪೈಪಿನ ಬಾಯಿ ಮುಚ್ಚುವಳು, ಆಮೇಲೆ ಉಳಿದದ್ದು. ರಾಯರು ಮಲಗಿದಲ್ಲಿಂದ ಇದನ್ನೆಲ್ಲ ನೋಡಿ ಬೆರಗಾದರು. ಇಷ್ಟು ವರ್ಷ ಹೆಂಡತಿಯ ಮಡಿಯನ್ನು ಕಂಡವರು. ಇದರ ಮುಂದೆ ಅದು ಏನೂ ಅಲ್ಲ ಅನ್ನಿಸಿತು. ಅನ್ನಿಸಿದ ಕೂಡಲೇ, ಗೋಪಮ್ಮನಿಗೆ ಕೇಳಿಸಿತೇನೋ ಎಂದು ಬಾಗಿಲ ಕಡೆ ನೋಡಿದರು.

ನಮ್ಮ ಕಡೆ ಯಾರನ್ನೇ ಆಗಲಿ ಎರಡನೇ ಸಲ ಕಂಡರೆ ಒಂದು ಪ್ರಶ್ನೆ ತಪ್ಪುವುದಿಲ್ಲ. ಗೋಪಮ್ಮ ಕೇಳಿದಳು: "ಯಾವೂರವಾ ನಿಂದು? ಯಾರ ಪೈಕಿ?"

"ಗಬ್ಬೂರ್ರಿ ಅಮ್ಮಾರ. ನಮ್ಮವ್ವನ ತವರುಮನಿ ನಿಮ್ಮ ಕಲ್ಲೂರೇ. ಕೇರಿಯ ಗದ್ದೆಮ್ಮ ಅಂತ. ನಿಮ್ಮ ಹೊಲಕ್ಕ ಶೇಂಗಾ ಕೀಳಾಕ ಬರ್ತಿದ್ಳು."

ಮಾನಮ್ಮ ಮುಚ್ಚಿಡಲಿಲ್ಲ, ದನಿ ತಗ್ಗಿಸಿಯೂ ಹೇಳಲಿಲ್ಲ. ಗೋಪಮ್ಮನ ಮುಖ ಮಾತ್ರ ಹೆಪ್ಪುಗಟ್ಟಿತು. ಗದ್ದೆಮ್ಮನ ನೆನಪು ಆಕೆಗೆ ಚೆನ್ನಾಗಿತ್ತು. ಬಿಸಿಲಲ್ಲಿ ಬಂದು ಅಂಗಳದ ಆಚೆ ಬೊಗಸೆಯೊಡ್ಡಿ ಕೂತರೆ, ತಂಬಿಗೆ ತಾಗದ ಹಾಗೆ ಮೇಲಿಂದ ನೀರು ಹೊಯ್ದವಳು ತಾನೇ. ಈಗ ಅವಳ ಮಗಳು ಬಾಟ್ಲಿಯನ್ನು ಮೇಲೆ ನೇತುಹಾಕಿ ರಾಯರ ಎದೆಗೆ ನೀರು ಹೊಯ್ಯುತ್ತಿದ್ದಳು. ಎತ್ತರ ಸುಮಾರು ಅಷ್ಟೇ ಇತ್ತು.

ಆ ದಿನ ಮಾನಮ್ಮ ಆಚೆ ಹೋದದ್ದೇ ತಡ, ಗೋಪಮ್ಮ ಚೀಲದಿಂದ ಬೆಳ್ಳಿಯ ಗಿಂಡಿ ತೆಗೆದಳು. ಊರಿನಿಂದ ತಂದ ದೇವರ ತೀರ್ಥ. ತುಳಸಿ ಅದ್ದಿ ಪಟ್ಟಿಯ ಮೇಲೆ ಚಿಮುಕಿಸಿದಳು. ಅಷ್ಟಕ್ಕೆ ಸಮಾಧಾನವಾಗದೆ, ಪ್ಲಾಸ್ಟರಿನ ಅಂಚು ಎತ್ತಿ ಒಂದು ಎಲೆಯನ್ನು ಒಳಗೆ ಸೇರಿಸಿದಳು.

"ಗೋಪೀ, ಅದು ತೋಯಿಸಬಾರದಂತ" ಎಂದರು ರಾಯರು.

"ತೀರ್ಥಕ್ಕ ತೋಯೋದು ಅಂತಾರೇನ್ರೀ? ಕೈ ಆಗಿದ್ರ ನಾ ಸುಮ್ಮನ ಇರ್ತಿದ್ದೆ. ಇದು ಎದಿ. ಎದ್ಯಾಗ ದೇವರಿರ್ತಾನ."

ಮದುವೆಯಾದಾಗಿನಿಂದ ಆಕೆಯ ಯಾವ ಮಾತಿಗೂ ಅಡ್ಡ ಬರದ ರಾಯರು ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡರು. ಗೋಪಮ್ಮನಿಗೆ ಗಂಡನ ಮೇಲೆ ಪ್ರೀತಿ ಇಲ್ಲವೆಂದು ಯಾರೂ ತಿಳಿಯಬಾರದು. ಆಕೆ ಒಪ್ಪತ್ತು ಊಟ ಬಿಟ್ಟು ನೆಲದ ಮೇಲೆ ಮಲಗುತ್ತಿದ್ದಳು. ಗಂಡನನ್ನು ಉಳಿಸಿಕೊಳ್ಳಲೆಂದೇ ಕೊಲ್ಲುತ್ತಿದ್ದಳು. ಪ್ರತಿ ಸಲ ಮಾನಮ್ಮ ಬರುವ ಮೊದಲು ಎಲೆ ತೆಗೆಯುವಳು, ಆಕೆ ಹೋದ ಮೇಲೆ ಹೊಸದು ಇಡುವಳು.

"ಪಟ್ಟಿ ಹಸಿ ಆಗ್ಯದಲ್ರಿ ರಾಯರ?" ಮಾನಮ್ಮ ಕೇಳಿದಳು.

"ಬೆವರವಾ" ಅಂದರು ರಾಯರು, ಎರಡು ಕಂಬಳಿ ಹೊದ್ದು ಚಳಿಗೆ ಹಲ್ಲು ಕಡಿಯುತ್ತ.

ಮುಂದಿನ ಸಲವೂ ಹಸಿ, ಮುಂದಿನ ಸಲವೂ ಬೆವರು. ಮಾನಮ್ಮ ಒಂದು ಗಳಿಗೆ ಅವರ ಮುಖ ನೋಡಿ, ಎಲ್ಲ ಒರೆಸಿ ಮತ್ತೆ ಶುರುವಿನಿಂದ ಕಟ್ಟಿದಳು.

ಒಂದು ಮಧ್ಯಾಹ್ನ ಹೊಸ ಬಾಟ್ಲಿ ಹನಿಯತೊಡಗಿದ್ದೇ ತಡ, ರಾಯರ ಮೈ ನಡುಗಿ ಮಂಚವೇ ಗಡಗಡ ಅಂದಿತು. ಜ್ವರ ನೆತ್ತಿಗೇರಿತು. ಡಾಕ್ಟರು ಬಂದು ಪಟ್ಟಿ ಬಿಚ್ಚಿದರೆ ಪೈಪಿನ ಸುತ್ತ ಕೆಂಪಾಗಿ ಕೀವು. ಅದನ್ನು ಕಿತ್ತುಹಾಕಿ, ಇನ್ನೊಂದು ಬದಿಗೆ ಬೇರೆ ಪೈಪು ಹಾಕಿದರು. ಹೈದರಾಬಾದಿನಿಂದ ತರಿಸಿದ್ದರಲ್ಲಿ ಅದೇ ಕೊನೆಯದು. ಕೆಲಸ ಮುಗಿಸಿ ಸಿಟ್ಟು ಇಳಿಸಲು ಜಾಗ ಹುಡುಕಿದರು. ಡಾಕ್ಟರ ಸಿಟ್ಟಿಗೆ ನರ್ಸಿಗಿಂತ ಹತ್ತಿರದ ಜಾಗ ಯಾವುದಿದೆ?

"ಕೈ ಸ್ವಚ್ಛ ಇಲ್ಲ ನಿಂದು" ಎಂದು ಮಾನಮ್ಮನಿಗೆ ಎಲ್ಲರ ಮುಂದೆ ಅಂದರು. ಆಕೆ ರಾಯರ ಕಡೆ ನೋಡಿದಳು. ಆಗ ಡಾಕ್ಟರಿಗೂ ಏನೋ ಹೊಳೆದು ಅತ್ತ ತಿರುಗಿದರು. "ರಾವ್ ಸಾಬ್, ಖರೇ ಹೇಳ್ರಿ. ಈಕಿ ಬಿಟ್ಟು ಬ್ಯಾರೆ ಯಾರರ ಈ ಪಟ್ಟಿಗೆ ಕೈ ಹಚ್ಚ್ಯಾರೇನು?"

ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ತಲೆದೆಸೆಯಲ್ಲಿ ಗೋಪಮ್ಮ, ಸೆರಗಿನೊಳಗೆ ಗಿಂಡಿ. ಕಾಲ್ದೆಸೆಯಲ್ಲಿ ಗದ್ದೆಮ್ಮನ ಮಗಳು. ಊರಿನ ಎಷ್ಟೋ ನ್ಯಾಯ ಹರಿಸಿದ ಬಾಯಿ ಅದು.

"ಜ್ವರದಾಗ ನನಗೇನೂ ತಿಳೀಲಿಲ್ರಿ" ಎಂದರು ಯಂಕೋಬರಾಯರು.

ಎಲ್ಲ ತಿಳಿದಿತ್ತು. ಎಲೆ ಎದೆಗೆ ತಾಗಿದ ತಂಪು ಕೂಡ ನೆನಪಿತ್ತು.

"ಕೈಗುಣ ಅಂತ ಒಂದು ಇರ್ತದ್ರಿ ಡಾಕ್ಟ್ರ" ಎಂದು ಗೋಪಮ್ಮ ಮೆಲ್ಲಗೆ ಸೇರಿಸಿದಳು. ನಾಳೆಯಿಂದ ಬರುವುದು ಬೇಡ ಎಂದು ಮಾನಮ್ಮನಿಗೆ ಹೇಳಿ ಡಾಕ್ಟರು ಹೋದರು.

ಸಂಜೆ, ಗೋಪಮ್ಮ ಮಡಿ ಸೀರೆ ಹಿಂಡಲು ನಳದ ಹತ್ತಿರ ಹೋಗಿದ್ದಾಗ, ಮಾನಮ್ಮ ತನ್ನ ಕೊನೆಯ ಬಾಟ್ಲಿ ಏರಿಸಲು ಬಂದಳು. ಪೈಪಿನ ಬಾಯಿ ಮುಚ್ಚಿದಳು, ಬಾಟ್ಲಿ ಬದಲಿಸಿದಳು, ಹನಿ ನೋಡಿದಳು. ಆಮೇಲೆ ಅಂದಳು: "ತುಳಸಿ ವಾಸನಿ ನನಗ ಮೊದಲನೇ ಸಲಾನ ಬಂದಿತ್ರಿ ರಾಯರ."

ರಾಯರು ಕಣ್ಣು ಮುಚ್ಚಿದರು. "ಮತ್ತ ಡಾಕ್ಟ್ರಿಗೆ ಯಾಕ ಹೇಳಲಿಲ್ಲವಾ?"

"ನಾ ಹೇಳಿದ್ರ ಯಾರು ನಂಬ್ತಾರ್ರಿ? ನೀವು ಹೇಳ್ತೀರಿ ಅಂತ ತಿಳ್ಕೊಂಡಿದ್ದೆ."

ಬೈದಿದ್ದರೆ ರಾಯರಿಗೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ಹೊಸ ಪಟ್ಟಿಯ ಅಂಚು ಸರಿಯಾಗಿ ಕೂತಿದೆಯೇ ಎಂದು ನೋಡುತ್ತ ಹೇಳಿದಳು: "ಈ ಪೈಪೂ ಕೆಟ್ರ ಇನ್ನೊಂದಿಲ್ಲ, ನೀವು ಉಳಿಯಂಗಿಲ್ಲ. ನಾಳಿಂದ ನರ್ಸ್ ವಾಹಿದಾ ಬರ್ತಾಳ. ಆಕಿ ಕೈ ಹಚ್ಚಿದ್ರೂ ಅಮ್ಮಾರು ತೀರ್ಥ ಹಾಕೋದು ಬಿಡಂಗಿಲ್ಲ, ಬ್ಯಾಡಂದ್ರ ಕೇಳಂಗಿಲ್ಲ. ಅದಕ್ಕ ತೀರ್ಥ ಬಾಟ್ಲಿ ಮ್ಯಾಲೆ ಚಿಮುಕಿಸಾಕ ಹೇಳ್ರಿ. ಗಾಜಿಂದು, ಹೊರಗ ಏನು ಬಿದ್ರೂ ಒಳಗ ಹೋಗಂಗಿಲ್ಲ. ಎದಿಗೆ ಬರೋ ನೀರೆಲ್ಲಾ ಅಲ್ಲಿಂದಾನ ಬರ್ತದಲ್ರಿ. ಮ್ಯಾಲೆ ಮಡಿ ಆದ್ರ ಕೆಳಗೂ ಆದಂಗ."

ರಾಯರು ಆ ಮಾತನ್ನು ತಮ್ಮದೇ ಬುದ್ಧಿಯೆಂದು ಗೋಪಮ್ಮನಿಗೆ ಹೇಳಿದರು. ಹೊಳೆಯ ಮೂಲದಲ್ಲೇ ಶುದ್ಧ ಮಾಡಿದರೆ ಕೆಳಗಿನ ಘಾಟಿನಲ್ಲಿ ಮಾಡುವುದೇಕೆ ಎಂದು ಒಂದು ಉಪಮಾನವನ್ನೂ ಸೇರಿಸಿದರು. ಗೋಪಮ್ಮ ಗಲ್ಲದ ಮೇಲೆ ಬೆರಳಿಟ್ಟಳು. "ಎಷ್ಟಾದ್ರೂ ಕುಲಕರ್ಣಿ ತಲಿ" ಎಂದು ಮೆಚ್ಚಿದಳು. ಅಂದಿನಿಂದ ದಿನಾ ಬಾಟ್ಲಿಗೆ ತೀರ್ಥಸ್ನಾನ, ಗಾಜಿಗೆ ಅಂಟಿಸಿದ ಒಂದು ತುಳಸಿ ಎಲೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪಟ್ಟಿ ಒಣಗಿದ್ದೇ ಇತ್ತು. ಜ್ವರ ಇಳಿಯಿತು, ಗಂಜಿ ಶುರುವಾಯಿತು, ಕರುಳು ಕೂಡಿತು. ಒಂದು ದಿನ ವಾಹಿದಾ ರಾಯರನ್ನು ಅಂಗಾತ ಮಲಗಿಸಿ, ಉಸಿರು ಹಿಡಿಯಲು ಹೇಳಿ, ಪೈಪನ್ನು ನಿಧಾನವಾಗಿ ಎಳೆದು, ತೂತನ್ನು ಬಹಳ ಹೊತ್ತು ಒತ್ತಿ ಹಿಡಿದು ಪಟ್ಟಿ ಹಾಕಿದಳು.

ಡಾಕ್ಟರಿಗೆ ನಿಜ ಹೇಳಬೇಕೆಂದು ರಾಯರು ಪ್ರತಿದಿನ ನಿಶ್ಚಯಿಸುತ್ತಿದ್ದರು. ಹೇಳುವ ದಿನ ಮಾತ್ರ ನಾಳೆಯೇ ಆಗಿರುತ್ತಿತ್ತು.

ಮನೆಗೆ ಹೊರಡುವ ದಿನ ಕಲ್ಲೂರಿನಿಂದ ಜನ ಬಂದು ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಪಮ್ಮ ಗಂಟು ಕಟ್ಟುತ್ತಿದ್ದಳು. ಜಿಲಾನಿ ಪಾಷಾ ನಗುತ್ತ ಒಳಗೆ ಬಂದರು. "ನೋಡ್ರಿ ರಾವ್ ಸಾಬ್, ನರ್ಸ್ ಬದಲಿ ಆದ್ಮ್ಯಾಲೆ ಒಂದಿನಾನೂ ಜ್ವರ ಬರಲಿಲ್ಲ."

ರಾಯರು ಕೈ ಮುಗಿದರು.

"ಆ ಹುಡುಗಿ ಬಂದು ಹೊರಗ ನಿಂತಾಳ" ಡಾಕ್ಟರ ದನಿ ಸ್ವಲ್ಪ ಇಳಿಯಿತು. "ಸರ್ಟಿಫಿಕೇಟು ಕೇಳಾಕತ್ತಾಳ. ಇವತ್ತೇ ದೇವದುರ್ಗಕ್ಕ ಮುಟ್ಟಿಸಬೇಕಂತ, ಇಲ್ಲಂದ್ರ ಕೆಲಸ ಬ್ಯಾರೆಯವರಿಗೆ ಹೋಗ್ತದಂತ. ನನಗ ಮನಸಿಲ್ಲ. ಆದ್ರ ತ್ರಾಸ ಪಟ್ಟವರು ನೀವು. ನೀವು ಕೊಡ್ರಿ ಅಂದ್ರ ಈಗ ಬರದು ಕೊಡ್ತೀನಿ."

ಮಾನಮ್ಮ ಬಾಗಿಲಲ್ಲೇ ಇದ್ದಳು, ಎಲ್ಲ ಕೇಳಿಸುವಷ್ಟು ಹತ್ತಿರ. ತೀರ್ಥದ ಮಾತು ಎತ್ತಬೇಕಾಗಿರಲಿಲ್ಲ, ಹೆಂಡತಿಯ ಮಾನ ಕಳೆಯಬೇಕಾಗಿರಲಿಲ್ಲ. 'ಕೊಡ್ರಿ' ಎಂಬ ಒಂದು ಮಾತು ಸಾಕಿತ್ತು. ಗಂಟು ಕಟ್ಟುತ್ತಿದ್ದ ಗೋಪಮ್ಮನ ಕೈ ನಿಂತಿತು. ಊರವರೆಲ್ಲ ರಾಯರ ಬಾಯಿಯನ್ನೇ ನೋಡಿದರು. ರಾಯರು ಗಂಟಲು ಸರಿಮಾಡಿಕೊಂಡರು.

"ನಿಮಗ ತಿಳದಂಗ ಮಾಡ್ರಿ ಡಾಕ್ಟ್ರ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ದೀಪದ ಬೆಳಕು ಯಾವ ಕಡೆ ಬೀಳಬೇಕೆಂದು ಡಾಕ್ಟರಿಗೆ ತಿಳಿಯಿತು. ತಲೆಯಾಡಿಸಿ, ಬಾಗಿಲಲ್ಲಿದ್ದವಳಿಗೆ ಇಲ್ಲವೆಂದು ಕೈಯಾಡಿಸಿ, ಮುಂದಿನ ಕೋಣೆಗೆ ಹೋದರು.

ಮಾನಮ್ಮ ಕೂಡಲೇ ಹೋಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಮಂಚದ ಹತ್ತಿರ ಬಂದಳು. ಮುಟ್ಟದೆ, ಸ್ವಲ್ಪ ಬಾಗಿ, ಪೈಪು ಇದ್ದ ಜಾಗವನ್ನು ನೋಡಿದಳು.

"ತೂತು ಮುಚ್ಚ್ಯದ್ರಿ" ಎಂದಳು. "ಇನ್ನೆರಡು ದಿನ ನೀರು ತಾಗಿಸಬ್ಯಾಡ್ರಿ. ಆಮ್ಯಾಲೆ ಎಷ್ಟು ಬೇಕಾದ್ರೂ ಜಳಕ ಮಾಡ್ರಿ."

ಅಷ್ಟು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಯಂಕೋಬರಾಯರಿಗೆ ನಾಚಿಕೆಯಾಯಿತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಬಹಳವೇ ಆಯಿತು. ಕಾರು ಕಲ್ಲೂರು ಮುಟ್ಟುವ ಹೊತ್ತಿಗೆ ಅದೂ ಇಳಿದಿತ್ತು.