ಕೆಂಪು ಪೆನ್ನಿನಲ್ಲಿ ಹೊಡೆದ ಹನ್ನೊಂದು ನಕ್ಷತ್ರಗಳು

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಲಸೂರಿನ ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಕ್ಷತ್ರಗಳ ಮೇಲೆ ಸಂಶೋಧನೆ ಮಾಡಿಸುವ ಪ್ರೊಫೆಸರಿಗೆ ಇರಬಾರದ ಗುಣ ಅದು, ಆದರೆ ನನಗಿತ್ತು.

ನಕ್ಷತ್ರಗಳ ಗುಂಪೊಂದರ ಪಟ್ಟಿ ಮಾಡುವಾಗ ನಮ್ಮಲ್ಲೊಂದು ಪದ್ಧತಿಯಿದೆ. ಗುಂಪಿನ ಜೊತೆಗೇ ಸಾಗುವುದು ಒಳಗಿನದು. ಬೇರೆ ವೇಗದಲ್ಲಿ ಓಡುವುದು ಹೊರಗಿನದು, ಅದನ್ನು ಹೊಡೆದು ಹಾಕಬೇಕು. ಏಳು ವರ್ಷದ ಹಿಂದೆ ನನ್ನ ಬಳಿ ಪಿಎಚ್‌ಡಿ ಮಾಡುತ್ತಿದ್ದ ಧನುಶ್ರೀ, ಹಾಗೆ ಓಡುವ ಹನ್ನೊಂದು ಭಾರೀ ನಕ್ಷತ್ರಗಳನ್ನು ಪಟ್ಟಿಯಲ್ಲೇ ಉಳಿಸಿಕೊಂಡು ಬಂದಳು.

"ಸರ್, ಇವು ಹೊರಗಿನವಲ್ಲ. ಹಿಂದಕ್ಕೆ ಲೆಕ್ಕ ಹಾಕಿದ್ರೆ ಎಲ್ಲಾ ಈ ಗುಂಪಿನಿಂದ್ಲೇ ಹೊರಟಿವೆ. ಎಳೇ ಗುಂಪು, ಒಳಗೆ ಅಷ್ಟು ಇಕ್ಕಟ್ಟು. ಒಂದನ್ನೊಂದು ಎಳೆದಾಡಿ ಆಚೆ ಎಸೆದಿವೆ."

"ಶಿವಾಜಿನಗರದ ಬಸ್ಸೇನಮ್ಮ ಇದು, ನೂಕುನುಗ್ಗಲಲ್ಲಿ ಆಚೆ ಬೀಳೋಕೆ?" ಎಂದು ನಾನು ನಕ್ಕೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕೆಂಪು ಪೆನ್ನಿನಲ್ಲಿ ಹನ್ನೊಂದನ್ನೂ ಹೊಡೆದು, ಅಂಚಿನಲ್ಲಿ 'ಕೇರ್‌ಲೆಸ್' ಎಂದು ಬರೆದೆ. ಅವಳ ಲೆಕ್ಕವನ್ನು ತೆರೆದೂ ನೋಡಲಿಲ್ಲ. ಆರು ತಿಂಗಳಲ್ಲಿ ಅವಳು ಪಿಎಚ್‌ಡಿ ಬಿಟ್ಟಳು. ಕಷ್ಟ ತಡೆಯದ ಹುಡುಗಿ ಎಂದು ನಾನೇ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಹೋದ ವಾರ ಬೇರೆ ದೇಶದವರ ಲೇಖನವೊಂದು ಬಂತು. ಅದೇ ಗುಂಪು ಹೊರಗೆಸೆದ ನಕ್ಷತ್ರಗಳ ಪಟ್ಟಿ. ಅವಳ ಹನ್ನೊಂದೂ ಅದರಲ್ಲಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹಳೆಯ ಕಡತದಿಂದ ಆ ಹಾಳೆ ಹುಡುಕಿ, ಅವಳ ಲೆಕ್ಕವನ್ನು ಮೊದಲ ಸಲ ಮಾಡಿ ನೋಡಿದೆ. ಅರ್ಧ ಗಂಟೆಯ ಕೆಲಸ. ಎಲ್ಲಿಯೂ ತಪ್ಪಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಈಗ ಅವಳು ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ, ಬೇಕರಿಯೊಂದರ ಮಹಡಿಯ ಮೇಲೆ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಭಾನುವಾರ ಬೆಳಿಗ್ಗೆ ಆಟೋ ಹಿಡಿದು ಹೋದೆ. ಅವಳು ಕುರ್ಚಿ ಹಾಕಿ, ಕೆಳಗಿನಿಂದ ಟೀ ತರಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿಂದೇ ಸರಿಯಿತ್ತಮ್ಮ. ತಪ್ಪೆಲ್ಲ ನಂದು. ಕ್ಷಮಿಸು. ವಾಪಸ್ ಬಾ, ಯಾರಿಗೆ ಬೇಕಾದ್ರೂ ನಾನೇ ಬರ್ಕೊಡ್ತೀನಿ" ಎಂದು ಹಾಳೆಯನ್ನು ಮುಂದಿಟ್ಟೆ.

ಅವಳು ಕೆಂಪು ಗೆರೆಗಳ ಮೇಲೆ ಬೆರಳಾಡಿಸಿದಳು.

"ನಂಗೆ ಲೆಕ್ಕಾನೇ ಬರಲ್ಲ ಅನ್ಕೊಂಡ್ಬಿಟ್ಟೆ ಸರ್. ಈಗ್ಲೂ ಎಂಟನೇ ಕ್ಲಾಸಿನ ಮೇಲೆ ಹೇಳ್ಕೊಡೋಕೆ ಧೈರ್ಯ ಬರಲ್ಲ."

ಅವಳು ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟಳು.

"ನಾನು ಮೂರು ಸಲ ಚೆಕ್ ಮಾಡಿದ್ದೆ ಸರ್. ನೀವು ಒಂದೇ ಒಂದು ಸಲ ಮಾಡಿದ್ರೆ ಸಾಕಿತ್ತು."